ಅಂಗಡಿಯಲ್ಲಿ ಕಂಡ ಗ್ರೀಕ್ ಎಣ್ಣೆಹೂಜಿ: ಅಸಲಿಯೇ? ಕೊಳ್ಳಬಹುದೇ?

ಪ್ರಶ್ನೆ: ನಾನು ಮೈಸೂರಿನವನು. ಕೆಲಸದ ನಿಮಿತ್ತ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿನ ಹಳೆಯ ವಸ್ತುಗಳ ಅಂಗಡಿಯೊಂದರಲ್ಲಿ ಗ್ರೀಕರ ಚಿತ್ರಹೂಜಿಯೊಂದನ್ನು ನೋಡಿದೆ. ಎತ್ತರ 19 ಸೆಂ.ಮೀ., ಕಿರಿದಾದ ಕತ್ತು, ಒಂದೇ ಹಿಡಿ, ಅಗಲವಾದ ದುಂಡು ಪಾದ. ಕಿತ್ತಳೆಗೆಂಪು ಮೈಮೇಲೆ ಕಪ್ಪಿನಲ್ಲಿ ನಾಲ್ಕು ಕುದುರೆಯ ರಥ, ಅದನ್ನು ಏರುತ್ತಿರುವ ಒಬ್ಬ, ಪಕ್ಕದಲ್ಲಿ ಒಬ್ಬ ಹೆಂಗಸು. ಅವಳ ಮುಖದ ಬಿಳಿ ಬಣ್ಣ ಅರ್ಧ ಉದುರಿದೆ. ಒಂದು ಕಡೆ ಕಪ್ಪು ಇರಬೇಕಾದಲ್ಲಿ ಕೆಂಪು ಮಚ್ಚೆ ಇದೆ. ಚಿತ್ರದ ನಡುವೆ ಗ್ರೀಕ್ ಅಕ್ಷರಗಳಂತೆ ಕಾಣುವ ಗುರುತುಗಳಿವೆ, ಆದರೆ ಗ್ರೀಕ್ ಓದಬಲ್ಲ ಗೆಳತಿ ಅವುಗಳಿಗೆ ಅರ್ಥವೇ ಇಲ್ಲ ಎಂದಳು. ಕತ್ತಿನಲ್ಲಿ ಅಂಟಿಸಿದ ಗೆರೆ, ಮೈಮೇಲೆ ಅಲ್ಲಲ್ಲಿ ಸುಣ್ಣದಂಥ ಹೊಪ್ಪಳೆ. ಇದು ಕ್ರಿ.ಪೂ. 480ರ ಸುಮಾರಿನ ಅಥೆನ್ಸ್‌ನ ಲೆಕಿಥೋಸ್ ಎಂಬ ಎಣ್ಣೆಹೂಜಿ, ಹಳೆಯ ಸ್ವಿಸ್ ಸಂಗ್ರಹದಿಂದ ಬಂದದ್ದು ಎಂದು ಅಂಗಡಿಯವರು ಹೇಳುತ್ತಾರೆ; ತಮ್ಮದೇ ಪ್ರಮಾಣಪತ್ರ ಕೊಡುತ್ತಾರಂತೆ. ಬೆಲೆ 2,400 ಯೂರೋ. ಉದುರಿದ ಬಣ್ಣ, ಕೆಂಪು ಮಚ್ಚೆ, ಅರ್ಥವಿಲ್ಲದ ಅಕ್ಷರ ಮೂರೂ ನಕಲಿಯ ಲಕ್ಷಣ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ನಿಜವೇ? ಹೊಪ್ಪಳೆಯನ್ನು ವಿನೆಗರ್‌ನಿಂದ ಒರೆಸಬಹುದೇ? ನಿವೃತ್ತ ಇತಿಹಾಸ ಅಧ್ಯಾಪಕರಾದ ತಂದೆಯವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಇದನ್ನು ಮೈಸೂರಿಗೆ ಒಯ್ಯುವ ಆಸೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಹೂಜಿ ನಿಜಕ್ಕೂ ಹಳೆಯದೇ ಎಂಬುದು ಒಂದು, ಅದನ್ನು ಕೊಳ್ಳುವುದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಣ್ಣು ಉತ್ತರ ಹೇಳುತ್ತದೆ, ಎರಡನೆಯದಕ್ಕೆ ಕಾಗದ ಮಾತ್ರ. ಅಂಗಡಿಗಳಲ್ಲಿ ಮೊದಲನೆಯದರ ಬಗ್ಗೆ ಧಾರಾಳವಾಗಿ ಮಾತನಾಡಿ ಎರಡನೆಯದನ್ನು ಅರ್ಧ ವಾಕ್ಯದಲ್ಲಿ ತೇಲಿಸಿಬಿಡುತ್ತಾರೆ. ಹಳೆಯ ಮಡಕೆಗಳ ಸಂರಕ್ಷಣೆ ನನ್ನ ವೃತ್ತಿಯಾದ್ದರಿಂದ ಮಣ್ಣಿನಿಂದಲೇ ಶುರು ಮಾಡುತ್ತೇನೆ.

ನಿಮ್ಮ ಸಹೋದ್ಯೋಗಿ ಹೇಳಿದ ಮೂರು ಲಕ್ಷಣಗಳೂ ಅಸಲಿ ಹೂಜಿಗಳಲ್ಲಿ ದಿನನಿತ್ಯ ಕಾಣುವಂಥವು. ಹಾಗೆಂದು ಅವು ಇದ್ದ ಮಾತ್ರಕ್ಕೆ ಹೂಜಿ ಅಸಲಿ ಎಂದಾಗುವುದಿಲ್ಲ. ಒಳ್ಳೆಯ ನಕಲುಗಾರನಿಗೆ ಇವೆಲ್ಲ ಬಾಯಿಪಾಠ.

ಕೆಂಪು ಮಚ್ಚೆಯ ಕಾರಣ ತಿಳಿಯಬೇಕಾದರೆ ಆ ಕಪ್ಪು ಹೇಗೆ ಬಂತೆಂದು ತಿಳಿಯಬೇಕು. ನಾವು ಸುಲಭಕ್ಕೆ ಬಣ್ಣ ಎನ್ನುತ್ತೇವೆ, ಆದರೆ ಅದು ಬಣ್ಣವಲ್ಲ, ಇಂದಿನ ಪಿಂಗಾಣಿಯ ಮೆರುಗೂ ಅಲ್ಲ. ಹೂಜಿಯ ಮೈಗೆ ಬಳಸಿದಂಥದೇ ಕಬ್ಬಿಣಾಂಶದ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳ ಸೇರಿದ ಮೇಲೆ ಮೇಲೆ ತೇಲುವ ಅತಿ ನಯವಾದ ಭಾಗವನ್ನು ಬಸಿದು ಗಟ್ಟಿ ಮಾಡಿಕೊಂಡ ಲೇಪ ಅದು. ಕುಂಚದಿಂದ ಬಳಿಯುವಾಗ ಅದಕ್ಕೂ ಹೂಜಿಯ ಮೈಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಚಿತ್ರಕಾರ ಬಹುಮಟ್ಟಿಗೆ ಊಹೆಯ ಮೇಲೆ ಬರೆಯಬೇಕಿತ್ತು. ಕಪ್ಪು ಹುಟ್ಟುವುದು ಆವಿಗೆಯಲ್ಲಿ. ಮೊದಲು ಗಾಳಿ ಬಿಟ್ಟು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಎಲ್ಲವೂ ಕೆಂಪಾಗುತ್ತದೆ. ಆಮೇಲೆ ಗಾಳಿಕಂಡಿ ಮುಚ್ಚಿ, ಹಸಿ ಸೌದೆ ಹಾಕಿ, ಶಾಖವನ್ನು 900 ದಾಟಿಸಿದರೆ ಆಮ್ಲಜನಕ ಸಿಗದೆ ಮಣ್ಣಿನ ಕಬ್ಬಿಣ ಕಪ್ಪಾಗುತ್ತದೆ. ಅದೇ ಹೊತ್ತಿಗೆ ನಯವಾದ ಲೇಪ ಕರಗಿ ಗಾಜುಗಟ್ಟುತ್ತದೆ. ಕೊನೆಗೆ ಕಂಡಿ ತೆರೆದಾಗ ರಂಧ್ರಗಳಿರುವ ಮೈ ಮತ್ತೆ ಗಾಳಿ ಕುಡಿದು ಕೆಂಪಿಗೆ ತಿರುಗುತ್ತದೆ. ಗಾಜುಗಟ್ಟಿದ ಲೇಪದೊಳಗೆ ಗಾಳಿ ನುಗ್ಗುವುದಿಲ್ಲ, ಅದು ಕಪ್ಪಾಗಿಯೇ ಉಳಿಯುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಥಿಯೊಡೊರ್ ಶೂಮನ್ ಈ ಗುಟ್ಟನ್ನು ಬಿಡಿಸಿದ್ದು 1942ರಲ್ಲಿ.

ಒಂದೇ ಆವಿಗೆಯಲ್ಲಿ ಹೂಜಿಗಳನ್ನು ಒತ್ತೊತ್ತಾಗಿ ಪೇರಿಸಿದಾಗ ಎರಡನೆಯ ಹಂತದ ಶಾಖವೋ ಹೊಗೆಯೋ ಎಲ್ಲ ಕಡೆಗೂ ಸಮನಾಗಿ ತಲುಪುವುದಿಲ್ಲ. ತಲುಪದ ಕಡೆ ಲೇಪ ಸರಿಯಾಗಿ ಗಾಜುಗಟ್ಟದೆ ಕೊನೆಯ ಹಂತದಲ್ಲಿ ಮತ್ತೆ ಕೆಂಪಾಗುತ್ತದೆ. ನಿಮ್ಮ ಮಚ್ಚೆ ಬಹುಶಃ ಅದೇ. ನೀವು ಕಳುಹಿಸಿದ ಫೋಟೋದಲ್ಲಿ ಅದರ ಅಂಚು ಕಪ್ಪಿನೊಳಕ್ಕೆ ಮೆಲ್ಲನೆ ಕರಗಿದಂತೆ ಕಾಣುತ್ತದೆ. ಅದು ಒಳ್ಳೆಯ ಸೂಚನೆ. ಕುಂಚದಿಂದ ಹಚ್ಚಿದ ನಕಲಿ ಮಚ್ಚೆಗೆ ಸಾಮಾನ್ಯವಾಗಿ ಅಂಚು ಎದ್ದು ಕಾಣುತ್ತದೆ. (ನಿಮ್ಮ ತಂದೆಯವರಿಗೆ ಆಸಕ್ತಿಯಾಗಬಹುದಾದ ಮಾತು: ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಸಿಕ್ಕ ಕಪ್ಪು-ಕೆಂಪು ಮಡಕೆಗಳಲ್ಲಿಯೂ ಗಾಳಿ ಸಿಕ್ಕ ಭಾಗ ಕೆಂಪು, ಸಿಗದ ಭಾಗ ಕಪ್ಪು. ಆದರೆ ಅಲ್ಲಿ ಗಾಜುಗಟ್ಟುವ ಲೇಪವಿಲ್ಲ. ಒಂದರಿಂದ ಇನ್ನೊಂದು ಬಂತೆಂದು ಯಾರಾದರೂ ಹೇಳಿದರೆ ನಂಬಬೇಡಿ.)

ಬಿಳಿ ಉದುರುವುದಕ್ಕೂ ಕಾರಣವಿದೆ. ಕೆಂಪು ಮೈಮೇಲೆ ಆಕೃತಿಗಳನ್ನು ಕಪ್ಪಿನಲ್ಲಿ ಬರೆಯುವ ಈ ಕಪ್ಪು ಆಕೃತಿಯ ಶೈಲಿಯಲ್ಲಿ ಹೆಂಗಸರ ಮೈಗೆ ಬಿಳಿ, ಗಡ್ಡ, ಉಡುಪು, ಕುದುರೆಯ ಕೇಸರಗಳಿಗೆ ನೇರಳೆಗೆಂಪು ಹಚ್ಚುವುದು ರೂಢಿ. ರಥ ಹೊಡೆಯುವವನ ಉದ್ದ ಅಂಗಿಯೂ ಬಿಳಿ. ಈ ಬಿಳಿ ಒಂದು ಬಗೆಯ ಬಿಳಿಮಣ್ಣು; ಕಪ್ಪು ಲೇಪದ ಮೇಲೆ ಕೂತಿರುತ್ತದೆ, ಅದರೊಡನೆ ಬೆಸೆದುಕೊಳ್ಳುವುದಿಲ್ಲ. ನೆಲದಡಿಯ ತೇವಕ್ಕೆ, ಆಮೇಲೆ ಕೈಗಳ ಉಜ್ಜಾಟಕ್ಕೆ ಎದ್ದುಹೋಗುತ್ತದೆ. ಹೋದ ಜಾಗದಲ್ಲಿ ಕಪ್ಪು ಮಂಕಾಗಿ, ಬಿಳಿ ಇದ್ದ ಆಕಾರವನ್ನೇ ತೋರಿಸುತ್ತದೆ. ದೀಪವನ್ನು ಓರೆಯಾಗಿ ಹಿಡಿದು ಆ ಹೆಂಗಸಿನ ಮುಖ ನೋಡಿ: ಮೂಗು, ಗಲ್ಲದ ಅಂಚು ಮಂಕು ಗುರುತಾಗಿ ಕಂಡರೆ ಬಿಳಿ ಅಲ್ಲಿ ಬಹುಕಾಲ ಇತ್ತು ಎನ್ನಬಹುದು. ಕೆಳಗಿನ ಕಪ್ಪು ಸುತ್ತಲಿನಷ್ಟೇ ಹೊಳೆಯುತ್ತಿದ್ದರೆ ಅನುಮಾನಪಡಿ.

ಇನ್ನು ಅಕ್ಷರಗಳು. ಅರ್ಥವಿಲ್ಲದ ಅಕ್ಷರಸಾಲು ಅಥೆನ್ಸ್‌ನ ಅಗ್ಗದ ಹೂಜಿಗಳಲ್ಲಿ ಬಹಳ ಸಾಮಾನ್ಯ. ಒಳ್ಳೆಯ ಕಾರ್ಯಾಗಾರಗಳಲ್ಲಿ ದೇವತೆಗಳ ಹೆಸರು, ಕುಂಬಾರನ ಸಹಿ, ಯಾವುದೋ ಸುಂದರ ತರುಣನ ಹೊಗಳಿಕೆ ಬರೆಯುತ್ತಿದ್ದರು. ಅದನ್ನು ನೋಡಿ ಸಣ್ಣ ಕಾರ್ಯಾಗಾರದವರು ಬರವಣಿಗೆಯ ಗತ್ತನ್ನಷ್ಟೇ ಅನುಕರಿಸಿದರು. ನಿಮ್ಮ ಹೂಜಿಯ ವಿಷಯದಲ್ಲಿ ಅದು ಪೂರಕ ಸಾಕ್ಷಿಯೇ ಹೊರತು ವಿರೋಧಿಯಲ್ಲ. ಪ್ರವಾಸಿಗರಿಗಾಗಿ ಮಾಡಿದ ನಕಲುಗಳಲ್ಲಿ ಅಕ್ಷರಗಳು ಅಚ್ಚುಕಟ್ಟಾಗಿ, ಪ್ರಸಿದ್ಧ ಹೂಜಿಯೊಂದರಿಂದ ಎತ್ತಿದಂತಿರುವುದೇ ಹೆಚ್ಚು.

ಇಷ್ಟರಲ್ಲಿ ಬಿಡಿ ಬಿಡಿ ಲಕ್ಷಣಗಳ ಮಾತಾಯಿತು. ನಾನು ಹೆಚ್ಚು ತೂಕ ಕೊಡುವುದು ಬೇರೆಯದಕ್ಕೆ: ಆಕಾರವೂ ಅಲಂಕಾರವೂ ಒಂದೇ ಕಾಲವನ್ನು ಹೇಳುತ್ತವೆಯೇ? ಅಥೆನ್ಸ್‌ನ ಕುಂಬಾರರು ಆಕಾರವನ್ನು ಬಳಕೆಗೆ ತಕ್ಕಂತೆ ನಿಗದಿ ಮಾಡಿಕೊಂಡಿದ್ದರು. ನೀರು ಹೊರಲು ಮೂರು ಹಿಡಿಗಳ ಹೈಡ್ರಿಯ, ದ್ರಾಕ್ಷಾರಸಕ್ಕೆ ನೀರು ಬೆರೆಸಲು ಅಗಲ ಬಾಯಿಯ ಕ್ರೇಟರ್, ಕುಡಿಯಲು ಕೈಲಿಕ್ಸ್, ಎಣ್ಣೆಗೆ ಲೆಕಿಥೋಸ್. ಮೈಗೆ ಹಚ್ಚುವ ಎಣ್ಣೆ ಹನಿಹನಿಯಾಗಿ ಬರಬೇಕಾದ್ದರಿಂದ ಅದರ ಕತ್ತು ಕಿರಿದು. ಸತ್ತವರ ಜೊತೆಗೆ ಇಡುವ ವಸ್ತುವೂ ಇದೇ ಆದ್ದರಿಂದ ಗೋರಿಗಳಲ್ಲಿ ಹೇರಳವಾಗಿ ಸಿಗುತ್ತದೆ, ಅಥೆನ್ಸ್‌ನಲ್ಲಷ್ಟೇ ಅಲ್ಲ, ಸಿಸಿಲಿಯ ಜೆಲಾದಂಥ ದೂರದ ಊರುಗಳಲ್ಲಿಯೂ.

ಲೆಕಿಥೋಸ್‌ನ ಮೈ ತಲೆಮಾರಿನಿಂದ ತಲೆಮಾರಿಗೆ ಬದಲಾಯಿತು. ಕ್ರಿ.ಪೂ. ಆರನೆಯ ಶತಮಾನದ ನಡುಭಾಗದಲ್ಲಿ ಅದು ಮೊಟ್ಟೆಯಾಕಾರದ್ದು, ಹೆಗಲು ಮೈಯೊಳಗೆ ಜಾರಿಕೊಂಡಂತಿರುತ್ತದೆ. ಆ ಶತಮಾನದ ಕೊನೆಗೆ ಹೆಗಲು ಚಪ್ಪಟೆಯಾಗಿ, ಮೈ ನೆಟ್ಟಗಿನ ಕೊಳವೆಯಾಗಿ, ಹೆಗಲಿಗೂ ಮೈಗೂ ನಡುವೆ ಚೂಪಾದ ಮಡಿಕೆ ಬಂತು. ನಿಮ್ಮದು ಈ ಎರಡನೆಯ ಬಗೆ. ಹೆಗಲಿನ ಮೇಲೆ ಕತ್ತಿನ ಬುಡದ ಸುತ್ತ ಗಿಡ್ಡ ಗೀಟುಗಳು, ಅವುಗಳ ಕೆಳಗೆ ಕಿರಣಗಳು, ಚಿತ್ರದ ಮೇಲಂಚಿಗೆ ಚೌಕ ಸುರುಳಿಯ ಪಟ್ಟಿ, ಹಿಡಿಯ ಹಿಂಬದಿ ಖಾಲಿ. ಚಿತ್ರದಲ್ಲಿ ರಥ ಏರುವ ದೃಶ್ಯ. ಇವೆಲ್ಲ ಒಟ್ಟಾಗಿ ಕ್ರಿ.ಪೂ. 490ರಿಂದ 470ರ ನಡುವೆ ರಾಶಿರಾಶಿಯಾಗಿ ಲೆಕಿಥೋಸ್ ಮಾಡಿದ, ವಿದ್ವಾಂಸರು ಹೈಮೋನ್ ಚಿತ್ರಕಾರ ಎಂದು ಗುರುತಿಸುವವನ ಬಳಗದತ್ತ ಕೈ ತೋರಿಸುತ್ತವೆ. ಆತನ ನಿಜ ಹೆಸರು ಯಾರಿಗೂ ತಿಳಿಯದು. ಸಹಿ ಹಾಕದ ಚಿತ್ರಕಾರರನ್ನು ಕಿವಿ, ಮೊಣಕಾಲು, ಬಟ್ಟೆಯ ಮಡಿಕೆಗಳನ್ನು ಬರೆಯುವ ರೀತಿಯಿಂದ ಬೇರ್ಪಡಿಸಿ ಹೆಸರಿಡುವ ಪದ್ಧತಿಯನ್ನು ಈ ಕ್ಷೇತ್ರದಲ್ಲಿ ಬೇರೂರಿಸಿದವರು ಆಕ್ಸ್‌ಫರ್ಡ್‌ನ ಜಾನ್ ಬೀಸ್ಲಿ. ಕಪ್ಪು ಆಕೃತಿಯ ಲೆಕಿಥೋಸ್‌ಗಳನ್ನೇ ಪ್ರತ್ಯೇಕವಾಗಿ ಹಿಡಿದು 1936ರಲ್ಲಿ ವಿಂಗಡಿಸಿದವರು ಡಚ್ ವಿದುಷಿ ಎಮಿಲೀ ಹಾಸ್ಪೆಲ್ಸ್.

ಈ ಬಳಗದ ಕೈ ಒರಟು. ಅಷ್ಟು ಹೊತ್ತಿಗೆ ಅಥೆನ್ಸ್‌ನಲ್ಲಿ ಹಿನ್ನೆಲೆಯನ್ನು ಕಪ್ಪಾಗಿಸಿ ಆಕೃತಿಯನ್ನು ಮಣ್ಣಿನ ಕೆಂಪಿನಲ್ಲೇ ಬಿಡುವ, ಕೆಂಪು ಆಕೃತಿಯ ಹೊಸ ಶೈಲಿ ಬಂದು ಮೂವತ್ತು ನಲವತ್ತು ವರ್ಷಗಳಾಗಿದ್ದವು, ಪ್ರತಿಭಾವಂತರೆಲ್ಲ ಅತ್ತ ಹೋಗಿದ್ದರು. ಉಳಿದವರು ಅಗ್ಗದ ಗಿರಾಕಿಗಾಗಿ ಹಳೆಯ ಶೈಲಿಯಲ್ಲೇ ವೇಗವಾಗಿ ಬರೆದರು, ಚೌತಿಯ ಮುನ್ನಾದಿನ ಗಣಪತಿ ಮಾಡುವವರು ಕಣ್ಣು ತಿದ್ದುವ ವೇಗದಲ್ಲಿ. ಕುದುರೆಗಳ ಕಾಲುಗಳನ್ನು ಎಣಿಸಿ ನೋಡಿ. ಹದಿನಾರು ಸಿಗದಿದ್ದರೆ ಗಾಬರಿಯಾಗಬೇಡಿ. ನಕಲಿನಲ್ಲಿ ನಾನು ಪದೇ ಪದೇ ಕಂಡ ದೋಷ ಇದಕ್ಕೆ ತಿರುಗುಮುರುಗು: ಮೊಟ್ಟೆಯಾಕಾರದ ಹಳೆಯ ಮೈ, ಅದರ ಮೇಲೆ ನೂರು ವರ್ಷ ಈಚಿನ ದೃಶ್ಯ, ಎಕ್ಸೇಕಿಯಸ್‌ನಂಥ ಮಹಾನ್ ಚಿತ್ರಕಾರನಿಂದ ಎರವಲು ತಂದ ಒಂದು ಭಂಗಿ. ಒಂದೊಂದೂ ಸರಿ, ಒಟ್ಟಿಗೆ ಇರುವುದು ಅಸಾಧ್ಯ.

ಅಂಗಡಿಯಲ್ಲಿ ಇನ್ನೊಮ್ಮೆ ನೋಡುವ ಅವಕಾಶ ಸಿಕ್ಕರೆ ಎರಡು ಕಡೆ ಗಮನವಿಡಿ. ಕಪ್ಪಿನ ಮೇಲೆ ಗೀರಿ ತೆಗೆದ ಒಳಗೆರೆಗಳು ಮೊದಲನೆಯದು. ಅಥೆನ್ಸ್‌ನವರು ಅವನ್ನು ಸುಡುವ ಮೊದಲೇ, ಮಣ್ಣು ಅರೆಒಣಗಿದ್ದಾಗ ಚೂಪು ಮೊನೆಯಿಂದ ಎಳೆಯುತ್ತಿದ್ದರು. ಆದ್ದರಿಂದ ಗೆರೆಯ ಅಂಚು ನಯವಾಗಿರುತ್ತದೆ, ತಳದಲ್ಲಿ ಸುಟ್ಟ ಮೈಯ ಬಣ್ಣವೇ ಇರುತ್ತದೆ. ಸುಟ್ಟ ಮೇಲೆ ಗೀರಿದರೆ ಗಾಜುಗಟ್ಟಿದ ಲೇಪ ಚಕ್ಕೆಚಕ್ಕೆಯಾಗಿ ಒಡೆದು ಅಂಚು ಹಲ್ಲುಹಲ್ಲಾಗುತ್ತದೆ. ಹತ್ತು ಪಟ್ಟು ದೊಡ್ಡದಾಗಿಸುವ ಮಸೂರ ಸಾಕು. ಎರಡನೆಯದು ಒಳಮೈ. ಕಣ್ಣಿಗೆ ಬೀಳದ ಒಳಭಾಗಕ್ಕೆ ಲೇಪ ಹಚ್ಚುವ ಗೋಜಿಗೆ ಕುಂಬಾರ ಹೋಗುತ್ತಿರಲಿಲ್ಲ. ಕತ್ತಿನ ಕೆಳಗೆ ಬರಿಯ ಮಣ್ಣು, ತಿಗರಿಯ ಮೇಲೆ ಬೆರಳು ಓಡಿದ ಉಂಗುರಗಳು, ಕತ್ತನ್ನು ಬೇರೆಯಾಗಿ ಮಾಡಿ ಕೂಡಿಸಿದ ಬೆಸುಗೆ ಕಾಣಬೇಕು. ಮೇಲಿಂದ ಕೆಳಕ್ಕೆ ಇಳಿಯುವ ನೇರ ಸೀಳುಗೆರೆ ಕಂಡರೆ ಅಚ್ಚಿನಲ್ಲಿ ಎರಕ ಹೊಯ್ದದ್ದು ಎಂದು ತಿಳಿದು ಅಲ್ಲಿಗೇ ಬಿಟ್ಟುಬಿಡಿ.

ಅಂಟಿಸಿದ ಕತ್ತಿನ ಬಗ್ಗೆ ಚಿಂತೆ ಬೇಡ. ಇಂಥ ಹೂಜಿಗಳಲ್ಲಿ ಬಹುಪಾಲು ಒಡೆದು ಕೂಡಿಸಿದವೇ. ಫ್ಲಾರೆನ್ಸ್‌ನಲ್ಲಿರುವ ಫ್ರಾಂಸ್ವಾ ಹೂಜಿ, ಕ್ರಿ.ಪೂ. 570ರ ಸುಮಾರಿನ ಆ ಅದ್ಭುತ ಕ್ರೇಟರ್, ಗೋರಿಯಿಂದ ಚೂರುಗಳಾಗಿಯೇ ಬಂತು. ಜೋಡಿಸಿಟ್ಟ ಮೇಲೆ 1900ರಲ್ಲಿ ಮ್ಯೂಸಿಯಮ್ಮಿನ ಕಾವಲುಗಾರನೊಬ್ಬ ಸಿಟ್ಟಿನಲ್ಲಿ ಸ್ಟೂಲ್ ಎಸೆದು ಅದನ್ನು 638 ಚೂರು ಮಾಡಿದ. ಇಂದಿಗೂ ಅದು ಪ್ರದರ್ಶನದಲ್ಲಿದೆ. ನಿಮಗೆ ಕೇಡು ತರಬಹುದಾದದ್ದು ಮುಚ್ಚಿಟ್ಟ ರಿಪೇರಿ: ಬೇರೊಂದು ಹೂಜಿಯ ಪಾದ, ಪ್ಲಾಸ್ಟರ್ ತುಂಬಿ ಬಣ್ಣ ಬಳಿದ ಹೊಟ್ಟೆ, ಹಳೆಯ ಚಿತ್ರದ ಮೇಲೆ ಹೊಸದಾಗಿ ತಿದ್ದಿದ ಗೆರೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಅಂಟು, ಈಚಿನ ಬಣ್ಣ ಸಾಮಾನ್ಯವಾಗಿ ಬೇರೆ ಹೊಳಪಿನಲ್ಲಿ ಎದ್ದು ಕಾಣುತ್ತವೆ. ದೀಪ ಹಿಡಿಯಲು ಅಂಗಡಿಯವರು ಒಪ್ಪದಿದ್ದರೆ ಅದೇ ಒಂದು ಉತ್ತರ.

ಕಣ್ಣಿನ ಪರೀಕ್ಷೆಗೆ ಮಿತಿಯಿದೆ. ಮೂರು ಹಂತದ ಸುಡುವಿಕೆಯನ್ನು ಇಂದು ಕುಶಲ ಕುಂಬಾರರು ಚೆನ್ನಾಗಿಯೇ ಮಾಡಬಲ್ಲರು. ಆಗ ಉಳಿಯುವುದು ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆ. ಮಣ್ಣಿನಲ್ಲಿರುವ ಬೆಣಚಿನಂಥ ಖನಿಜಗಳು ಸುತ್ತಲಿನ ಸಹಜ ವಿಕಿರಣವನ್ನು ಹೀರಿ ಕೂಡಿಟ್ಟುಕೊಳ್ಳುತ್ತವೆ. ಆವಿಗೆಯಲ್ಲಿ ಸುಟ್ಟಾಗ ಆ ಲೆಕ್ಕ ಸೊನ್ನೆಗೆ ಬರುತ್ತದೆ, ಆಮೇಲೆ ಮತ್ತೆ ಏರುತ್ತದೆ. ಚಿಟಿಕೆ ಪುಡಿ ಕೊರೆದು ತೆಗೆದು ಕಾಯಿಸಿದಾಗ ಹೊಮ್ಮುವ ಬೆಳಕಿನಿಂದ ಕೊನೆಯ ಬಾರಿ ಸುಟ್ಟದ್ದು ಯಾವಾಗ ಎಂದು ಅಂದಾಜಿಸುತ್ತಾರೆ. ಅಂದಾಜಿನಲ್ಲಿ ಕೆಲವು ಶತಮಾನಗಳಷ್ಟು ಹೆಚ್ಚುಕಡಿಮೆ ಆಗಬಹುದು, ಆದರೆ 2,500 ವರ್ಷಕ್ಕೂ 50 ವರ್ಷಕ್ಕೂ ಗೊಂದಲವಾಗುವುದಿಲ್ಲ. ಪುಡಿಯನ್ನು ಪಾದದಿಂದಲೂ ಮೈಯಿಂದಲೂ ಎರಡು ಕಡೆ ತೆಗೆಸಿ, ಏಕೆಂದರೆ ಹಳೆಯ ಪಾದಕ್ಕೆ ಹೊಸ ಮೈ ಕೂಡಿಸುವುದು ಹಳೆಯ ಚಾಳಿ. ಎಕ್ಸ್‌ರೇ ತೆಗೆಸುವುದಾದರೆ ಇದಾದ ಮೇಲೆ, ಮೊದಲಲ್ಲ. ಎಕ್ಸ್‌ರೇ ಕೂಡ ವಿಕಿರಣದ ಲೆಕ್ಕವನ್ನು ಏರಿಸುತ್ತದೆ. ಖರ್ಚು ನೂರಾರು ಯೂರೋ, ಪಾದದಲ್ಲಿ ಸಣ್ಣ ತೂತು. ಇಷ್ಟಾದರೂ ಅದು ಹೇಳುವುದು ಮಣ್ಣು ಸುಟ್ಟ ಕಾಲವನ್ನು ಮಾತ್ರ. ಚಿತ್ರವಿಲ್ಲದ ಬರಿಯ ಕಪ್ಪು ಲೆಕಿಥೋಸ್‌ಗೆ ಮೊನ್ನೆ ಮೊನ್ನೆ ಕುದುರೆ ಗೀರಿದ್ದರೆ ಪರೀಕ್ಷೆ ಹಳೆಯದು ಎಂದೇ ಹೇಳುತ್ತದೆ.

ಫೋಟೋಗಳಿಂದ ನನ್ನ ಅಭಿಪ್ರಾಯ: ಹೂಜಿ ಅಸಲಿಯಾಗಿರುವ ಸಾಧ್ಯತೆಯೇ ಹೆಚ್ಚು. ನಿಮಗೆ ಸಮಾಧಾನವಾಗಲೆಂದು ಇದನ್ನು ಹೇಳುತ್ತಿಲ್ಲ. ನಿಜವಾದ ತೊಡಕು ಇಲ್ಲಿಂದ ಶುರುವಾಗುತ್ತದೆ. ನಕಲಿಯಾದರೆ ನಿಮ್ಮ 2,400 ಯೂರೋ ಹೋಗುತ್ತದೆ, ಅಷ್ಟೇ. ಅಸಲಿಯಾಗಿದ್ದು ಕಾಗದವಿಲ್ಲದಿದ್ದರೆ ಹಣವೂ ಹೋಗಬಹುದು, ಹೂಜಿಯೂ ಹೋಗಬಹುದು, ಜೊತೆಗೆ ಪೊಲೀಸರ ಪತ್ರವೂ ಬರಬಹುದು.

‘ಹಳೆಯ ಸ್ವಿಸ್ ಸಂಗ್ರಹ’ ಎಂಬ ಮಾತು ಈ ವ್ಯಾಪಾರದಲ್ಲಿ ಬಹಳ ಸವೆದಿದೆ. ಯೂಫ್ರೋನಿಯಸ್ ಚಿತ್ರಿಸಿದ, ಟ್ರಾಯ್ ಯುದ್ಧದಲ್ಲಿ ಸತ್ತ ವೀರ ಸಾರ್ಪೆಡಾನ್‌ನನ್ನು ನಿದ್ರೆ ಮತ್ತು ಸಾವು ಎಂಬ ಇಬ್ಬರು ಎತ್ತಿಕೊಳ್ಳುವ ಕ್ರೇಟರನ್ನು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ 10 ಲಕ್ಷ ಡಾಲರ್‌ಗೆ ಕೊಂಡಿತು. ಅದು ಲೆಬನಾನ್‌ನ ಹಳೆಯ ಸಂಗ್ರಹದ್ದು ಎಂದು ಕಾಗದ ತೋರಿಸಿದ್ದರು. ನಿಜದಲ್ಲಿ ಅದನ್ನು ಕೊಳ್ಳುವುದಕ್ಕೆ ಸ್ವಲ್ಪವೇ ಮೊದಲು ಇಟಲಿಯ ಚೆರ್ವೆಟೆರಿಯ ಗೋರಿಯೊಂದರಿಂದ ಕದ್ದು ಅಗೆದಿದ್ದರು. 1995ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದ ಉಗ್ರಾಣವೊಂದರ ಮೇಲೆ ದಾಳಿ ಮಾಡಿದಾಗ, ಮಣ್ಣು ಮೆತ್ತಿಕೊಂಡ ಹೂಜಿಗಳ ಪೊಲರಾಯ್ಡ್ ಫೋಟೋಗಳು ರಾಶಿಯಾಗಿ ಸಿಕ್ಕವು. ಅವು ಹಲವು ಮ್ಯೂಸಿಯಮ್ಮುಗಳ ಕಪಾಟುಗಳವರೆಗೆ ದಾರಿ ತೋರಿಸಿದವು. ಸಾರ್ಪೆಡಾನ್ ಕ್ರೇಟರ್ 2008ರಲ್ಲಿ ಇಟಲಿಗೆ ಮರಳಿತು, ಈಗ ಚೆರ್ವೆಟೆರಿಯಲ್ಲೇ ಇದೆ. ಅಷ್ಟು ದೊಡ್ಡ ಸಂಸ್ಥೆಯೇ ಬಿಡಬೇಕಾಗಿ ಬಂದದ್ದನ್ನು ನೀವು ಉಳಿಸಿಕೊಳ್ಳಲಾರಿರಿ. ಕಳ್ಳರು ಅಗೆದಾಗ ಆಗುವ ನಷ್ಟ ಬರಿಯ ಹೂಜಿಯದಲ್ಲ. ಅದು ಯಾರ ಗೋರಿಯಲ್ಲಿ, ಯಾವ ಮೂಳೆಯ ಪಕ್ಕದಲ್ಲಿ, ಬೇರೆ ಯಾವ ಸಾಮಾನುಗಳ ಜೊತೆ ಇತ್ತು ಎಂಬುದು ಶಾಶ್ವತವಾಗಿ ಅಳಿದುಹೋಗುತ್ತದೆ.

ಆದ್ದರಿಂದ ಅಂಗಡಿಯವರ ಪ್ರಮಾಣಪತ್ರ ಬದಿಗಿಟ್ಟು ಲಿಖಿತವಾಗಿ ಕೇಳಿ: ಸಂಗ್ರಾಹಕರು ಯಾರು, ಯಾವ ವರ್ಷ ಕೊಂಡರು, ಅದಕ್ಕೆ ಬಿಲ್, ಹರಾಜಿನ ಪಟ್ಟಿ, ವಿಮಾ ಪತ್ರ, ಹಳೆಯ ಫೋಟೋ ಏನಿದೆ, ಜರ್ಮನಿಗೆ ಹೇಗೆ ಬಂತು. ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದದ ವರ್ಷವಾದ 1970ಕ್ಕಿಂತ ಮೊದಲಿನ ದಾಖಲೆ ಇರಬೇಕೆಂಬುದನ್ನು ಮ್ಯೂಸಿಯಮ್ಮುಗಳು ಗೆರೆಯಾಗಿ ಇಟ್ಟುಕೊಂಡಿವೆ. ಅದು ಸಂಪೂರ್ಣ ರಕ್ಷಾಕವಚವಲ್ಲ, ಇಟಲಿ 1909ರಿಂದಲೇ ನೆಲದಡಿ ಸಿಕ್ಕದ್ದು ಸರ್ಕಾರದ್ದು ಎನ್ನುತ್ತದೆ. ಆದರೂ ಅದಕ್ಕಿಂತ ಸಡಿಲವಾದ ಗೆರೆ ಬೇಡ. ಜರ್ಮನಿಯ 2016ರ ಸಾಂಸ್ಕೃತಿಕ ಆಸ್ತಿ ರಕ್ಷಣಾ ಕಾಯಿದೆ ಮೂಲ ಪರಿಶೀಲಿಸುವ ಹೊಣೆಯನ್ನು ವ್ಯಾಪಾರಿಯ ಮೇಲೆಯೇ ಹೊರಿಸುತ್ತದೆ, ಕೇಳಲು ಸಂಕೋಚಪಡಬೇಡಿ. ಕಳವಾದ ಕಲಾವಸ್ತುಗಳ ಪಟ್ಟಿ ಇಡುವ ಆರ್ಟ್ ಲಾಸ್ ರಿಜಿಸ್ಟರ್‌ನ ಪತ್ರ ತೋರಿಸಿದರೆ ಅದೊಂದನ್ನೇ ನೆಚ್ಚಬೇಡಿ: ಗುಟ್ಟಾಗಿ ಅಗೆದ ಹೂಜಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ವಿನೆಗರ್ ಖಂಡಿತ ಬೇಡ. ಹೊಪ್ಪಳೆ ಸುಣ್ಣವಾದ್ದರಿಂದ ನೊರೆ ಬಂದು ಕರಗುವುದು ನಿಜ. ಜೊತೆಗೆ ಆಮ್ಲ ರಂಧ್ರಗಳೊಳಗೆ ಇಳಿದು ಹೊಸ ಲವಣ ಹುಟ್ಟಿಸುತ್ತದೆ, ಸಡಿಲವಾದ ಬಿಳಿಯನ್ನು ಪೂರ್ತಿ ಎಬ್ಬಿಸುತ್ತದೆ. ನೀರಿನಲ್ಲಿ ನೆನೆಸುವುದೂ ಬೇಡ. ಹಳೆಯ ರಿಪೇರಿಯಲ್ಲಿ ಪ್ರಾಣಿಜನ್ಯ ಅಂಟು ಇದ್ದರೆ ಕತ್ತು ಕೈಗೆ ಬರುತ್ತದೆ. ಸಂರಕ್ಷಕರು ಮಸೂರದಡಿ ಸಣ್ಣ ಚೂರಿಯಿಂದ ಹೊಪ್ಪಳೆಯನ್ನು ಬಿಡಿಸುತ್ತಾರೆ, ಎಷ್ಟೋ ಸಲ ಹಾಗೆಯೇ ಬಿಡುತ್ತಾರೆ. ಮೈಯೊಳಗೆ ಲವಣ ಉಳಿದ ಮಡಕೆಗೆ ತೇವ ಏರಿಳಿಯುವ ಹವೆ ಶತ್ರು, ಮೈಸೂರಿನ ಮಳೆಗಾಲವನ್ನು ನೆನಪಿಡಿ. ಓಕ್ ಮರದ ಪೆಟ್ಟಿಗೆಯೂ ಕೂಡದು, ಅದು ಬಿಡುವ ಆವಿಯಲ್ಲಿರುವುದು ವಿನೆಗರ್‌ನ ಆಮ್ಲವೇ.

ಮೈಸೂರಿಗೆ ಒಯ್ಯುವುದಂತೂ ಸೂಟ್‌ಕೇಸಿನಲ್ಲಿಟ್ಟು ಹಾರುವ ಕೆಲಸವಲ್ಲ. ಯುರೋಪಿಯನ್ ಒಕ್ಕೂಟದಿಂದ ಹೊರಗೆ ಸಾಗಿಸಲು, ನೂರು ವರ್ಷ ಮೀರಿದ ಪುರಾತತ್ವ ವಸ್ತುವಿಗೆ ಬೆಲೆ ಎಷ್ಟೇ ಇದ್ದರೂ ಸಾಮಾನ್ಯವಾಗಿ ರಫ್ತು ಪರವಾನಗಿ ಬೇಕು. ಮೂಲದ ದಾಖಲೆ ಇಲ್ಲದೆ ಅದು ಸಿಗುವುದು ಕಷ್ಟ. ಇತ್ತ ಭಾರತದ 1972ರ ಪ್ರಾಚ್ಯವಸ್ತು ಕಾಯಿದೆಯೂ ನೂರು ವರ್ಷವನ್ನೇ ಅಳತೆಯಾಗಿ ಹಿಡಿಯುತ್ತದೆ. ಒಮ್ಮೆ ಒಳಗೆ ಬಂದ ಮೇಲೆ ಮಾರಲು ಮರಳಿ ಹೊರಗೆ ಒಯ್ಯುವ ದಾರಿ ಮುಚ್ಚಿದಂತೆಯೇ. ಹೊರಡುವ ಮೊದಲೇ ಕಸ್ಟಮ್ಸ್ ಮತ್ತು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಬರಹದಲ್ಲಿ ವಿಚಾರಿಸಿ.

ನನ್ನ ಸಲಹೆ ಕೇಳಿದರೆ ಹುಟ್ಟುಹಬ್ಬದ ಉಡುಗೊರೆಗೆ ಈ ಹೂಜಿ ತಕ್ಕದ್ದಲ್ಲ. ನೀವಿರುವ ಊರಿನಲ್ಲೇ, ಕ್ಯೋನಿಗ್ಸ್‌ಪ್ಲಾಟ್ಸ್‌ನಲ್ಲಿ, ಬವೇರಿಯದ ಪುರಾತನ ವಸ್ತುಗಳ ಸರ್ಕಾರಿ ಸಂಗ್ರಹಾಲಯವಿದೆ. ದ್ರಾಕ್ಷಾರಸದ ದೇವತೆ ಡಯೊನೈಸಸ್ ದೋಣಿಯಲ್ಲಿ ಒರಗಿರುವ, ಪಟಮರಕ್ಕೆ ದ್ರಾಕ್ಷಿಬಳ್ಳಿ ಹಬ್ಬಿದ ಎಕ್ಸೇಕಿಯಸ್‌ನ ಕೈಲಿಕ್ಸ್ ಅಲ್ಲಿಯದೇ. ತಂದೆಯವರನ್ನು ಕರೆಸಿಕೊಳ್ಳಿ, ಇತಿಹಾಸದ ಮೇಷ್ಟ್ರಿಗೆ ಅಲ್ಲಿ ಎರಡು ದಿನ ಸಾಲದು. ಮನೆಗೆ ಒಂದು ಬೇಕೆಂದರೆ ನಕಲು ಎಂದು ಹೇಳಿಯೇ ಮಾರುವ ಒಳ್ಳೆಯ ಪ್ರತಿಗಳಿವೆ, ಅವಕ್ಕೆ ಪರವಾನಗಿಯ ಗೊಡವೆ ಇಲ್ಲ.

ಇಷ್ಟಾದರೂ ಮನಸ್ಸು ಅದೇ ಹೂಜಿಯ ಮೇಲಿದ್ದರೆ ಮುಂಗಡ ಕೊಡಬೇಡಿ. 1970ಕ್ಕಿಂತ ಹಿಂದಿನ ದಾಖಲೆ ಮೊದಲು ಬರಲಿ, ಆಮೇಲೆ ಪರೀಕ್ಷೆ, ಅದಾದ ಮೇಲೆ ಹಣ. ಅಸಲಿಯಲ್ಲ ಎಂದು ತೇಲಿದರೆ ಅಥವಾ ಮೂಲದ ಮೇಲೆ ಯಾರಾದರೂ ಹಕ್ಕು ಸಾಧಿಸಿದರೆ ಪೂರ್ತಿ ಹಣ ಹಿಂದಿರುಗಿಸುವ ಷರತ್ತು ಬಿಲ್ಲಿನಲ್ಲೇ ಇರಲಿ. ದಾಖಲೆ ಬಂದರೆ ಅದರ ಪ್ರತಿಯ ಜೊತೆಗೆ ಪಾದದ ಅಡಿಭಾಗವನ್ನು ಓರೆಬೆಳಕಿನಲ್ಲಿ ಫೋಟೋ ತೆಗೆದು ಕಳುಹಿಸಿ. ಹಳೆಯ ಸಂಗ್ರಹಗಳವರು ಅಲ್ಲಿ ಸಂಖ್ಯೆ ಬರೆದಿರುವುದುಂಟು, ಅದನ್ನು ಉಜ್ಜಿ ಅಳಿಸಿದ ಗುರುತು ಸಿಗುವುದೂ ಉಂಟು.